ಕಲ್ಲೋ ಹಿಮವೋ, ಹೇಳುವುದು ಸುಲಭವಲ್ಲ

2015ರ ಜುಲೈನಲ್ಲಿ 67ಪಿ ಎಂಬ ಧೂಮಕೇತುವಿನ ಮೇಲೆ ನೂರು ಮೀಟರಿಗೂ ಎತ್ತರದ ಒಂದು ಕಡಿದಾದ ಬಂಡೆ ಕುಸಿದುಬಿತ್ತು. ಯುರೋಪಿನ ರೊಸೆಟ್ಟಾ ನೌಕೆ ಆಗ ಅದರ ಸುತ್ತಲೇ ಇತ್ತು. ಇದ್ದಿಲಿನಷ್ಟು ಕಪ್ಪಾದ ಆ ನೆಲದಲ್ಲಿ, ಬಂಡೆ ಕಳಚಿದ ಜಾಗವಷ್ಟೇ ಬೆಳ್ಳಗೆ ಹೊಳೆಯುತ್ತಿತ್ತು. ದೂಳಿನ ಹೊದಿಕೆಯ ಕೆಳಗೆ ಹುದುಗಿದ್ದ ಹಿಮ ಅದು.

ಕ್ಷುದ್ರಗ್ರಹವೆಂದರೆ ಕಲ್ಲು, ಧೂಮಕೇತುವೆಂದರೆ ಹಿಮ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ತಪ್ಪಲ್ಲ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೌರವ್ಯೂಹ ರೂಪುಗೊಳ್ಳುವಾಗ ಸೂರ್ಯನ ಸಮೀಪದ ಬಿಸಿಯಲ್ಲಿ ನೀರು ಹೆಪ್ಪುಗಟ್ಟಲಾಗದೆ ಕಲ್ಲು, ಲೋಹಗಳಷ್ಟೇ ಗಟ್ಟಿಯಾದವು. ದೂರದ ಚಳಿಯಲ್ಲಿ ನೀರೂ ಇಂಗಾಲದ ಡೈಆಕ್ಸೈಡೂ ದೂಳಿನ ಜೊತೆ ಹೆಪ್ಪುಗಟ್ಟಿದವು. ಅಂಥದ್ದೊಂದು ಉಂಡೆ ಸೂರ್ಯನತ್ತ ಬಂದರೆ ಅದರ ಹಿಮ ಕರ್ಪೂರದಂತೆ ನೀರಾಗದೆ ನೇರ ಆವಿಯಾಗುತ್ತದೆ. ದೂಳನ್ನೂ ಎತ್ತಿಕೊಂಡು ಹೊರನುಗ್ಗಿ ಬಾಲವಾಗುತ್ತದೆ.

ಆದರೆ ಎಲ್ಲ ಕಾಯಗಳೂ ಈ ವಿಂಗಡಣೆಗೆ ಒಗ್ಗುವುದಿಲ್ಲ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ ಸುತ್ತುವ ಎಲ್ಸ್ಟ್-ಪಿಜಾರೊವನ್ನು 1979ರಲ್ಲಿ ಕ್ಷುದ್ರಗ್ರಹವೆಂದು ದಾಖಲಿಸಲಾಗಿತ್ತು. 1996ರಲ್ಲಿ ನೋಡಿದರೆ ಅದಕ್ಕೆ ಬಾಲ! ಇಂದು ಅದರ ಹೆಸರು ಕ್ಷುದ್ರಗ್ರಹ, ಧೂಮಕೇತು ಎರಡರ ಯಾದಿಗಳಲ್ಲೂ ಇದೆ.

ನನ್ನನ್ನು ಹೆಚ್ಚು ಕಾಡುವುದು ಫೇಥಾನ್. 1983ರಲ್ಲಿ ಐರಾಸ್ ಉಪಗ್ರಹದ ನೆರವಿನಿಂದ ಪತ್ತೆಯಾದ, ಐದಾರು ಕಿಲೋಮೀಟರ್ ಗಾತ್ರದ ಕ್ಷುದ್ರಗ್ರಹ ಇದು. ಉಲ್ಕಾಪಾತಗಳು ಸಾಮಾನ್ಯವಾಗಿ ಧೂಮಕೇತುಗಳು ಚೆಲ್ಲಿದ ದೂಳಿನಿಂದ ಆಗುತ್ತವೆ. ಡಿಸೆಂಬರಿನ ಜೆಮಿನಿಡ್ ಉಲ್ಕೆಗಳ ಹಾದಿ ಮಾತ್ರ ಈ ಬಂಡೆಯ ಕಕ್ಷೆಗೆ ಹೊಂದುತ್ತದೆ ಎಂದು ಗುರುತಿಸಿದವರು ಫ್ರೆಡ್ ವಿಪ್ಪಲ್. ಧೂಮಕೇತುವಿನ ಒಡಲು ಹಿಮ ಮತ್ತು ದೂಳಿನ ಮುದ್ದೆ ಎಂದು 1950ರಲ್ಲೇ ಪ್ರತಿಪಾದಿಸಿದ್ದವರೂ ಅವರೇ.

ಫೇಥಾನ್ ಸೂರ್ಯನಿಗೆ ಸುಮಾರು 2.1 ಕೋಟಿ ಕಿಲೋಮೀಟರ್‌ವರೆಗೆ, ಅಂದರೆ ಬುಧನಿಗಿಂತ ಬಹಳ ಒಳಗೆ, ನುಗ್ಗಿ ಬರುತ್ತದೆ. ಆ ಕಾವಿಗೆ ಮೇಲ್ಮೈಯಲ್ಲಿ ಹಿಮ ಉಳಿಯುವ ಮಾತೇ ಇಲ್ಲ. ಆದರೂ ಅಲ್ಲಿ ಅದಕ್ಕೊಂದು ಪುಟ್ಟ ಬಾಲ ಮೂಡುತ್ತದೆ. ಅದು ದೂಳಲ್ಲ, ಸೋಡಿಯಂ ಅನಿಲ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾದರೆ ಅಷ್ಟೊಂದು ಉಲ್ಕೆಗಳಿಗೆ ಬೇಕಾದ ದೂಳು ಎಲ್ಲಿಂದ ಬಂತು? ಖಗೋಳಜ್ಞರ ಚರ್ಚೆ ಇನ್ನೂ ಮುಗಿದಿಲ್ಲ.

ನನ್ನ ಮಟ್ಟಿಗೆ, ಹುಟ್ಟಿದ ಜಾಗ ಮತ್ತು ಸೂರ್ಯನ ಬಳಿ ಕಳೆದ ಕಾಲ, ಇವೆರಡನ್ನೂ ಕೇಳದೆ ಯಾವ ಕಾಯಕ್ಕೂ ಹಣೆಪಟ್ಟಿ ಹಚ್ಚಬಾರದು. ಡಿಸೆಂಬರ್ 14ರ ಆಸುಪಾಸಿನ ರಾತ್ರಿ, ಊರದೀಪಗಳಿಂದ ದೂರ ಹೋಗಿ ಆಕಾಶದಲ್ಲಿ ಜೆಮಿನಿಡ್ ಉಲ್ಕೆಗಳನ್ನು ನೋಡಿ. ದೂರದರ್ಶಕ ಬೇಡ, ಬರಿಗಣ್ಣು ಸಾಕು.