ಅಲ್ಪ ವೆಚ್ಚದಲ್ಲಿ ಜಪಾನ್ ಅಧ್ಯಯನ

ಜಪಾನಿನ ತರುಣರ ಉಡುಗೆ-ತೊಡುಗೆಗಳನ್ನು ಅಭ್ಯಸಿಸಲು ಅಲ್ಪ ಹಣದಲ್ಲಿ ಹೊರಡುವ ವಿದ್ಯಾರ್ಥಿಗಳು ದೇಶವೆಲ್ಲ ಸುತ್ತುವ ಆಸೆಯನ್ನು ಬಿಡುವುದೇ ಲೇಸೆಂದು ನಾವು ಭಾವಿಸುತ್ತೇವೆ. ಏಳು ದಿನಗಳ ರೈಲು ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಆ ಹಣವು ಟೋಕಿಯೋದಲ್ಲಿಯೇ ಇನ್ನಷ್ಟು ದಿನ ತಂಗಲು ಒದಗಲಿ.

ಅಲ್ಲಿನ ಹರಾಜುಕು ಬೀದಿಗಳ ಯುವಜನರನ್ನು 1997ರಿಂದ ಚಿತ್ರಿಸಿದ ‘ಫ್ರೂಟ್ಸ್’ ಮಾಸಿಕವು 2017ರಲ್ಲಿ ನಿಂತಿತು. ಚಿತ್ರಿಸತಕ್ಕವರೇ ಕಾಣುತ್ತಿಲ್ಲವೆಂಬುದು ಸಂಪಾದಕರ ಕೊರಗಾಗಿತ್ತು. ಆದುದರಿಂದ ಬೀದಿಯೊಂದೇ ಸಾಲದು. ಓಯಾ ಸೋಇಚಿ ಗ್ರಂಥಾಲಯದಲ್ಲಿ ಹಳೆಯ ನಿಯತಕಾಲಿಕಗಳನ್ನು ನೋಡಿ, ಇಂದಿನ ಬೀದಿಯೊಡನೆ ಹೋಲಿಸಬೇಕು. ಯಾರ ಚಿತ್ರವನ್ನಾದರೂ ಕೇಳಿಯೇ ತೆಗೆಯತಕ್ಕದ್ದು. ಅವರು ಪ್ರದರ್ಶನದ ಗೊಂಬೆಗಳಲ್ಲ.

ಸಸ್ಯಾಹಾರಿಗಳು ಅಡುಗೆಮನೆಯುಳ್ಳ ವಸತಿಯನ್ನೇ ಹುಡುಕಲಿ: ತರಕಾರಿ ಸಾರಿನಲ್ಲಿಯೂ ಮೀನಿನ ರಸವಿರುವುದುಂಟು! ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆಯಲ್ಲಿ ಕೋಣೆಗಳು ದುಬಾರಿ, ಆಗ ಹೊರಡಬಾರದು.