ಡಾರ್ಕ್ ಎನರ್ಜಿ ಸಂಶೋಧನೆ: ಕೇಳಿದ್ದೆಷ್ಟು, ನಿಜವೆಷ್ಟು?

ತಪ್ಪು ಕಲ್ಪನೆ: ಪಿಯುಸಿ ಆದ ಕೂಡಲೇ ಆಸ್ಟ್ರೋಫಿಸಿಕ್ಸ್ ಎಂದು ಹೆಸರಿರುವ ಕೋರ್ಸನ್ನೇ ಸೇರಬೇಕು.

ಬೇಕಿಲ್ಲ. ಕಟಪಾಡಿಯಂಥ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದಾದ ಉಡುಪಿಯಲ್ಲೇ ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ ಓದಿದರೂ ಬುನಾದಿ ಸಿಗುತ್ತದೆ. ಆಮೇಲೆ ಜ್ಯಾಮ್ ಪ್ರವೇಶ ಪರೀಕ್ಷೆ ಬರೆದು ಎಂಎಸ್ಸಿ, ಇಲ್ಲವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿ. ಎಂಎಸ್ಸಿ ಮುಗಿದ ಮೇಲಾದರೆ ಪಿಎಚ್‌ಡಿಗೆ ಜೆಸ್ಟ್, ಗೇಟ್ ಅಥವಾ ನೆಟ್ ಪರೀಕ್ಷೆ. ಮಣಿಪಾಲದಲ್ಲೂ ಖಗೋಳ ಭೌತಶಾಸ್ತ್ರದ ಸಂಶೋಧನೆ ನಡೆಯುತ್ತದೆ. ಕಾಪು ದಾಟಿದರೆ ಸಿಗುವ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ಓದಿದ್ದು ಭೌತಶಾಸ್ತ್ರ, ಪಿಎಚ್‌ಡಿ ಮಾಡಿದ್ದು ಕಾಸ್ಮಿಕ್ ಕಿರಣಗಳ ಮೇಲೆ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರು ಅವರೇ. ವಿಷಯದ ಹೆಸರಿಗಿಂತ ಕೈಗೆ ಹತ್ತಿದ ಕೆಲಸ ದೊಡ್ಡದು ಎಂದು ನಾನು ನಂಬುವುದು ಇಂಥವರನ್ನು ನೋಡಿ.

ತಪ್ಪು ಕಲ್ಪನೆ: ಇದು ಐನ್‌ಸ್ಟೈನ್‌ರಂಥ ಮೇಧಾವಿಗಳು ಸಮೀಕರಣ ಬರೆಯುತ್ತ ಕೂರುವ ಕ್ಷೇತ್ರ.

ಡಾರ್ಕ್ ಎನರ್ಜಿ ಗೊತ್ತಾದದ್ದೇ ಅಳತೆಯಿಂದ. 1998ರಲ್ಲಿ ಎರಡು ತಂಡಗಳು 'ಒನ್ ಎ' ಬಗೆಯ ಸೂಪರ್ನೋವಾಗಳ, ಅಂದರೆ ಸಿಡಿಯುವ ನಕ್ಷತ್ರಗಳ, ಹೊಳಪನ್ನು ಅಳೆದವು. ಈ ಸ್ಫೋಟಗಳ ನಿಜವಾದ ಪ್ರಕಾಶವನ್ನು ಅಂದಾಜಿಸಬಹುದಾದ್ದರಿಂದ, ಅವು ಎಷ್ಟು ಮಂದವಾಗಿ ಕಾಣುತ್ತವೆ ಎಂಬುದರಿಂದ ದೂರ ಗೊತ್ತಾಗುತ್ತದೆ. ಲೆಕ್ಕ ಹೇಳಿದ್ದಕ್ಕಿಂತ ಅವು ಮಂದವಾಗಿದ್ದವು, ಅಂದರೆ ಇನ್ನೂ ದೂರದಲ್ಲಿದ್ದವು. ವಿಶ್ವದ ಹಿಗ್ಗುವಿಕೆ ಚುರುಕಾಗುತ್ತಿದೆ ಎಂಬ ತೀರ್ಮಾನ ಬಂದದ್ದು ಹೀಗೆ; ಹಾಗೆ ಚುರುಕಾಗಿಸುವ, ಏನೆಂದು ತಿಳಿಯದ ಕಾರಣಕ್ಕೆ ಇಟ್ಟ ಹೆಸರೇ ಡಾರ್ಕ್ ಎನರ್ಜಿ. 2011ರ ನೊಬೆಲ್ ಈ ಅಳತೆಗೇ ಸಂದಿತು. ಆದರೆ ಮಂದವಾಗಿಸಿದ್ದು ದೂರವೋ, ನಡುವಿನ ಧೂಳೋ? ಎರಡು ದೂರದರ್ಶಕಗಳ ಅಳತೆಗಳು ತಾಳೆಯಾಗುತ್ತವೆಯೇ? ಈ ಕ್ಷೇತ್ರದ ದಿನನಿತ್ಯದ ಪರಿಶ್ರಮ ಇರುವುದು ಇಂಥ ಪ್ರಶ್ನೆಗಳಲ್ಲಿ. ಅದಕ್ಕೆ ಸಂಖ್ಯಾಶಾಸ್ತ್ರ ಬೇಕು, ಪೈಥಾನ್ ಬೇಕು, ತಾಳ್ಮೆ ಬೇಕು. 'ಪ್ಯಾಂಥಿಯಾನ್ ಪ್ಲಸ್' ಎಂಬ 1550 ಸೂಪರ್ನೋವಾಗಳ ದತ್ತಾಂಶ ಎಲ್ಲರಿಗೂ ಉಚಿತ. ಬಿಎಸ್ಸಿ ವಿದ್ಯಾರ್ಥಿಯೊಬ್ಬಳು ಮನೆಯ ಲ್ಯಾಪ್‌ಟಾಪ್‌ನಲ್ಲೇ ಅದಕ್ಕೆ ವಕ್ರರೇಖೆ ಹೊಂದಿಸಿ, ಡಾರ್ಕ್ ಎನರ್ಜಿಯ ಪಾಲು ಎಷ್ಟೆಂದು ತಾನೇ ಲೆಕ್ಕ ಹಾಕಬಹುದು. ಯಾವ ಪ್ರವೇಶ ಪರೀಕ್ಷೆಗೂ ಕಾಯದೆ ಇಂದೇ ತೊಡಗಬಹುದಾದ ಕೆಲಸವಿದು. ದಯವಿಟ್ಟು ತೊಡಗಿ.

ತಪ್ಪು ಕಲ್ಪನೆ: ವಿದೇಶಕ್ಕೆ ಹೋಗದೆ ಏನೂ ಆಗದು.

ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ; ಸೂಪರ್ನೋವಾ ಅಧ್ಯಯನ ಅಲ್ಲಿನ ಹಳೆಯ ಬಲ. ಡಾರ್ಕ್ ಎನರ್ಜಿಯದಲ್ಲದಿದ್ದರೂ ವಿಶ್ವವಿಜ್ಞಾನದ್ದೇ ಇನ್ನೊಂದು ಉದಾಹರಣೆ ಹೇಳದಿರಲಾರೆ. ರಾಮನ್ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ 'ಸರಸ್ 3' ರೇಡಿಯೊ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಅಡಿಯ ಮಣ್ಣಿನ ಪದರಗಳು ಅಳತೆಯನ್ನು ಕೆಡಿಸುತ್ತವೆ, ನೀರು ಒಂದೇ ಸಮ. ಮೊದಲ ನಕ್ಷತ್ರಗಳ ಕಾಲದ ಸಂಕೇತ ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಹೇಳಿದ್ದನ್ನು, 2022ರಲ್ಲಿ ಪ್ರಕಟವಾದ ಈ ಅಳತೆ ಅಲ್ಲಗಳೆಯಿತು.

ತಪ್ಪು ಕಲ್ಪನೆ: ನೊಬೆಲ್ ಬಂತು, ಇನ್ನೇನು ಉಳಿದಿದೆ?

ವಿಶ್ವದ ಸುಮಾರು ಶೇಕಡಾ 68 ಭಾಗವಾದ ಡಾರ್ಕ್ ಎನರ್ಜಿ ಏನೆಂದೇ ಗೊತ್ತಿಲ್ಲ. ಅರಿಝೋನಾದ 'ಡೆಸಿ' ಸಮೀಕ್ಷೆ 2025ರ ಮಾರ್ಚ್‌ನಲ್ಲಿ, ಡಾರ್ಕ್ ಎನರ್ಜಿ ಕಾಲದೊಂದಿಗೆ ಬದಲಾಗುತ್ತಿರಬಹುದೆಂಬ ಸುಳಿವು ಕೊಟ್ಟಿತು. ಯಾವ ಸೂಪರ್ನೋವಾ ಪಟ್ಟಿಯನ್ನು ಜೊತೆಗಿಟ್ಟರು ಎಂಬುದರ ಮೇಲೆ ಆ ಸುಳಿವಿನ ಬಲ 2.8ರಿಂದ 4.2 ಸಿಗ್ಮಾ. ಸಿಗ್ಮಾ ಹೆಚ್ಚಿದಷ್ಟೂ ಅದು ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ; ಶೋಧವೆನ್ನಲು 5 ಬೇಕು.

ತಪ್ಪು ಕಲ್ಪನೆ: ಓದಿದವರಿಗೆ ಇದರಲ್ಲಿ ಹೊಟ್ಟೆಪಾಡು ನಡೆಯದು.

ಅರ್ಧ ಸತ್ಯ. ಪಿಎಚ್‌ಡಿ ಮಾಡುವವರಿಗೆ ಜೆಆರ್‌ಎಫ್ ಎಂಬ ಶಿಷ್ಯವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಮುಂದೆ ಎಸ್‌ಆರ್‌ಎಫ್ ಆದಾಗ 42,000. ಪಿಎಚ್‌ಡಿ ಮುಗಿಯಲು ಐದಾರು ವರ್ಷ, ಆಮೇಲೆ ಊರೂರು ಅಲೆಯುವ ಪೋಸ್ಟ್‌ಡಾಕ್. ಕಾಯಂ ಹುದ್ದೆಗಳು ಕಡಿಮೆ, ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ದತ್ತಾಂಶ ವಿಶ್ಲೇಷಣೆ ಕಲಿತವರಿಗೆ ಹೊರಗೂ ಕೆಲಸವಿದೆ. ಗೈಡ್ ಆರಿಸುವಾಗ ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ.