ಸರಾಸರಿ ತೆಗೆಯುವ ಮುನ್ನ ಸಾಲು ಸರಿಮಾಡಿ



ಮಕ್ಕಳ ಶಾಲೆಯಲ್ಲಿ ಸೈನ್ಸ್ ಫೇರ್ ಬಂತೆಂದರೆ ನಮ್ಮ ಮನೆಗಳಲ್ಲಿ ಅಡಿಗೆಮನೆಯೇ ಪ್ರಯೋಗಶಾಲೆ. ‘ಮೂರು ಸಲ ಮಾಡಿ, ಸರಾಸರಿ ತೆಗೆಯಿರಿ’ ಎಂದು ಟೀಚರ್ ಹೇಳಿರುತ್ತಾರೆ. ಮಕ್ಕಳು ಕೂಡಿಸಿ ಮೂರರಿಂದ ಭಾಗಿಸುತ್ತಾರೆ, ಗ್ರಾಫ್ ಬರುತ್ತದೆ, ಎಲ್ಲರಿಗೂ ಸಮಾಧಾನ. ವೃತ್ತಿಯಲ್ಲಿ ದಿನವೂ ಇಂಥ ಅಂಕಿಗಳ ಜೊತೆ ಏಗುವ ನಾನು ಹೇಳುವುದು ಇಷ್ಟೆ: ಭಾಗಾಕಾರವನ್ನು ಕಂಪ್ಯೂಟರ್ ಮಾಡುತ್ತದೆ. ಯಾವುದನ್ನು ಯಾವುದರ ಜೊತೆ ಕೂಡಿಸಬೇಕು ಎಂಬುದನ್ನು ನಾವೇ ಹೇಳಬೇಕು.

ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಎಷ್ಟು ಬೇಗ ಆರುತ್ತದೆ ಎಂಬ ಪ್ರಯೋಗವನ್ನೇ ತೆಗೆದುಕೊಳ್ಳಿ. ಎಕ್ಸೆಲ್ ಇದ್ದರೆ ಸರಿ, ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಸಾಕು. ಮೊದಲ ಕಾಲಮ್‌ನಲ್ಲಿ ನಿಮಿಷ, ಮುಂದಿನ ಮೂರರಲ್ಲಿ ಮೂರು ಸಲದ ಉಷ್ಣತೆ. ಐದನೆಯದರಲ್ಲಿ ಸಮ ಚಿಹ್ನೆ ಹಾಕಿ, ಇಂಗ್ಲಿಷಿನಲ್ಲಿ ‘ಆವರೇಜ್’ ಎಂದು ಬರೆದು, ಆವರಣದೊಳಗೆ ಆ ಸಾಲಿನ ಮೂರು ಅಂಕಿಗಳನ್ನು ಆರಿಸಿ. ಆ ಸೂತ್ರವನ್ನು ಕೆಳಗಿನವರೆಗೆ ಎಳೆದರೆ ಸರಾಸರಿಯ ಸಾಲು ಸಿದ್ಧ.

ಈಗ ಎಚ್ಚರಿಕೆಯ ಮಾತು.

ಮೊದಲನೆಯದು, ಒಂದೇ ಬಗೆಯದನ್ನು ಮಾತ್ರ ಕೂಡಿಸಿ. ಸ್ಟೀಲ್ ಲೋಟದ ಮೂರು ಪ್ರಯೋಗಗಳ ಸರಾಸರಿಗೆ ಅರ್ಥವಿದೆ. ಸ್ಟೀಲ್, ಗಾಜು, ಪಿಂಗಾಣಿ ಮೂರನ್ನೂ ಸೇರಿಸಿದರೆ ಬರುವ ಉತ್ತರ ಯಾವ ಲೋಟದ್ದೂ ಅಲ್ಲ!

ಎರಡನೆಯದು, ಖಾಲಿ ಬೇರೆ, ಸೊನ್ನೆ ಬೇರೆ. ಒಂದು ಸಲ ಓದಲು ಮರೆತರೆ ಆ ಜಾಗ ಖಾಲಿ ಬಿಡಿ. 70, 72, ಖಾಲಿ ಎಂದಿದ್ದರೆ ಸರಾಸರಿ 71. ಖಾಲಿ ಜಾಗದಲ್ಲಿ 0 ಬರೆದರೆ ಅದು 47.3ಕ್ಕೆ ಇಳಿಯುತ್ತದೆ.

ಮೂರನೆಯದೇ ಮುಖ್ಯ. ಮೊದಲ ಸಲ 0, 5, 10 ನಿಮಿಷಕ್ಕೆ ಓದಿ, ಎರಡನೇ ಸಲ 0, 6, 12ಕ್ಕೆ ಓದಿದ್ದರೆ ಎರಡನೇ ಸಾಲಿನಲ್ಲಿ 5 ಮತ್ತು 6ನೇ ನಿಮಿಷಗಳು ಪಕ್ಕಪಕ್ಕ ಕೂರುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ! ಕಂಪ್ಯೂಟರ್ ಚಕಾರವೆತ್ತದೆ ಎರಡನ್ನೂ ಕೂಡಿಸುತ್ತದೆ. ಎರಡನೇ ಸಲ 0 ನಿಮಿಷದಲ್ಲಿ 90 ಡಿಗ್ರಿ, 6ರಲ್ಲಿ 72 ಎಂದಿದ್ದರೆ ನಿಮಿಷಕ್ಕೆ 3 ಡಿಗ್ರಿ ಇಳಿದಂತಾಯಿತು. ಹಾಗಾದರೆ 5ನೇ ನಿಮಿಷಕ್ಕೆ ಸುಮಾರು 75. ಕೂಡಿಸಬೇಕಾದ್ದು ಈ 75ನ್ನು. ಇದಕ್ಕೆ ಇಂಟರ್‌ಪೊಲೇಶನ್ ಎನ್ನುತ್ತಾರೆ. ವಿಜ್ಞಾನಿಗಳು ಬಳಸುವ ಒರಿಜಿನ್ ತಂತ್ರಾಂಶದಲ್ಲಿ ‘ಆವರೇಜ್ ಮಲ್ಟಿಪಲ್ ಕರ್ವ್ಸ್’ ಎಂಬ ಸೌಲಭ್ಯಕ್ಕೆ ಈ ಕೆಲಸವನ್ನೂ ವಹಿಸಬಹುದು. ಆದರೆ ಕಾಫಿ ಆರುವ ಗೆರೆ ನೇರವಲ್ಲ, ಬಾಗಿರುತ್ತದೆ. ಆದ್ದರಿಂದ ಗಡಿಯಾರ ನೋಡಿ ಒಂದೇ ಸಮಯಕ್ಕೆ ಓದುವುದೇ ಎಲ್ಲಕ್ಕಿಂತ ಒಳ್ಳೆಯದು.

ಸಾಲು ಸರಿಯಿದ್ದರೆ ಸರಾಸರಿಗೆ ಎಂಥ ಶಕ್ತಿ ಬರುತ್ತದೆ ಗೊತ್ತೆ? ನಮ್ಮಲ್ಲಿ ಅನೇಕರ ಮಕ್ಕಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಶ್ರವಣ ಪರೀಕ್ಷೆ ಆಗಿರುತ್ತದೆ. ಅದರಲ್ಲಿ ಒಂದು ವಿಧಾನ ಹೀಗಿದೆ: ಮಗುವಿನ ಕಿವಿಗೆ ಟಿಕ್ ಟಿಕ್ ಎಂಬ ಸಣ್ಣ ಶಬ್ದವನ್ನು ಸಾವಿರಾರು ಸಲ ಕೇಳಿಸಿ, ತಲೆಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಂದ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರೆ. ಒಂದು ಸಲದ ದಾಖಲೆಯಲ್ಲಿ ಮಿದುಳಿನ ಗದ್ದಲವೇ ಎಲ್ಲ. ಎಲ್ಲವನ್ನೂ ಶಬ್ದ ಬಂದ ಕ್ಷಣಕ್ಕೆ ಹೊಂದಿಸಿ ಸರಾಸರಿ ತೆಗೆದರೆ ಗದ್ದಲ ಕರಗಿ, ಕಿವಿ ಕೇಳಿಸಿಕೊಂಡ ಗುರುತು ಮೇಲೆದ್ದು ಬರುತ್ತದೆ. 100 ಸಲಕ್ಕೆ ಗದ್ದಲ 10 ಪಟ್ಟು ಇಳಿಯುತ್ತದೆ, 10,000 ಸಲಕ್ಕೆ 100 ಪಟ್ಟು. ಈ ತಂತ್ರವನ್ನು ಲಂಡನ್ನಿನಲ್ಲಿ ಜಾರ್ಜ್ ಡಾಸನ್ 1951ರಲ್ಲಿ ತೋರಿಸಿಕೊಟ್ಟರು. ಆ ಕ್ಷಣ ತಪ್ಪಿಸಿ ಕೂಡಿಸಿದರೆ ಗದ್ದಲದ ಜೊತೆ ಗುರುತೂ ಅಳಿಸಿಹೋಗುತ್ತದೆ. ಚೆನ್ನಾಗಿ ಕೇಳಿಸುವ ಮಗುವಿಗೂ ಕೇಳಿಸುವುದಿಲ್ಲ ಎಂಬಂತೆ ಕಂಡೀತು.

ಕೊನೆಯದಾಗಿ, ಸರಾಸರಿಯನ್ನು ಒಂಟಿಯಾಗಿ ಕಳಿಸಬೇಡಿ. 68, 70, 72ರ ಸರಾಸರಿ 70. 60, 70, 80ರದೂ 70. ಮೊದಲನೆಯದನ್ನು ನಂಬಬಹುದು, ಎರಡನೆಯದಾದರೆ ಪ್ರಯೋಗವನ್ನೇ ಮತ್ತೆ ನೋಡಬೇಕು. ‘ಎಸ್‌ಟಿಡಿಇವಿ’ ಸೂತ್ರ ಹಾಕಿದರೆ ಮೊದಲನೆಯದಕ್ಕೆ 2, ಎರಡನೆಯದಕ್ಕೆ 10 ಬರುತ್ತದೆ. ಇದನ್ನು ಗ್ರಾಫಿನಲ್ಲಿ ಎರರ್ ಬಾರ್ ಆಗಿ ತೋರಿಸಲು ಮಕ್ಕಳಿಗೆ ಕಲಿಸಿ. ಜೊತೆಗೆ ಮೂರು ಮೂಲ ಗೆರೆಗಳನ್ನೂ ತೆಳುವಾಗಿ ಬಿಡಿಸಲಿ.

ಬಹುಮಾನ ಬರಲಿ, ಬಿಡಲಿ. ತಾನು ಹೇಳುವ ಸಂಖ್ಯೆಯನ್ನು ಎಷ್ಟು ನಂಬಬಹುದು ಎಂದು ಮಗು ತಾನೇ ಹೇಳುವಂತಾದರೆ ಅಷ್ಟೂ ಕಾಫಿ ಆರಿದ್ದು ಸಾರ್ಥಕ.